ಕೆಂಪು ಗೆರೆ ಬೀಳುವ ಮುಂಚೆ

ನಾನು ಚಿಕ್ಕವಳಿದ್ದಾಗ ದೊಡ್ಡಬಳ್ಳಾಪುರದ ಆಚೆ ಹೊಸ ರಸ್ತೆ ಹಾಕುತ್ತಿದ್ದರು. ಅಲ್ಲಿ ಕೂಲಿಯವರ ಹಾಜರಿ ಬರೆಯುತ್ತಿದ್ದವರು ನಮ್ಮಪ್ಪ. ಶನಿವಾರ ಸಂಜೆ ಹೊಂಗೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿ, ಯಾರು ಎಷ್ಟು ದಿನ ಬಂದರು ಎಂದು ಪುಸ್ತಕದಿಂದ ಓದುತ್ತಿದ್ದರು. ತಪ್ಪಿದ್ದರೆ ಆಗಲೇ ಹೇಳಬೇಕು. ಓದಿ ಮುಗಿಸಿ ಕೆಂಪು ಶಾಯಿಯಲ್ಲಿ ಗೆರೆ ಎಳೆದರೆ ಆಯಿತು, ಆಮೇಲೆ ಅಪ್ಪನೇ ಬಯಸಿದರೂ ಒಂದು ಚುಕ್ಕೆ ತಿದ್ದುವಂತಿರಲಿಲ್ಲ. ಪುಸ್ತಕ ಕಚೇರಿಗೆ ಹೋಗುತ್ತಿತ್ತು, ಅದರಲ್ಲಿದ್ದಂತೆ ಸೋಮವಾರ ಕೂಲಿಯ ಬಟವಾಡೆ.

ಒಂದು ವಾರ ಅಪ್ಪ ಚಳಿಜ್ವರ ಬಂದು ಮಲಗಿಬಿಟ್ಟರು. ಅವರ ಬದಲು ಹಾಜರಿ ಬರೆದದ್ದು ನಮ್ಮ ಭಾವ, ಅಕ್ಕನ ಗಂಡ. ಬೆಂಗಳೂರಿನಲ್ಲಿ ಓದಿದವರು, ಅಕ್ಷರವೇನೋ ಮುತ್ತಿನಂತಿತ್ತು. ಅವರಿಗೆ ಮುದ್ದೆ, ಸೊಪ್ಪಿನ ಸಾರು ಕೊಡುವ ನೆಪದಲ್ಲಿ ನಾನು ದಿನಾ ಹೋಗಿ ಜಲ್ಲಿ ರಾಶಿಯ ಪಕ್ಕ ಕೂರುತ್ತಿದ್ದೆ. ಸುತ್ತಿಗೆಗಳ ಟಕಟಕ ಸದ್ದು, ಮೂಗಿಗೆ ಕಾದ ಕಲ್ಲಿನ ಧೂಳು, ಕಾಲ ಕೆಳಗೆ ಚುಚ್ಚುವ ಚೂರುಗಳು. ಅಲ್ಲಿ ಹೊಸದಾಗಿ ಸೇರಿದ್ದ ಮುನಿಯಮ್ಮ ನನ್ನ ಜೊತೆ ಮಾತಾಡುತ್ತಿದ್ದಳು. "ಈ ಬಟವಾಡೇಲಿ ಸ್ಲೇಟು ತಂದು ನನ್ ಮಗಳನ್ನ ಇಸ್ಕೂಲಿಗೆ ಹಾಕ್ತೀನಿ ಕಣವ್ವ," ಎಂದಿದ್ದಳು.

ಪುಸ್ತಕದಲ್ಲಿ ಇಬ್ಬರು ಮುನಿಯಮ್ಮ ಇದ್ದರು. ಒಬ್ಬಳು ನಂಜಪ್ಪನ ಹೆಂಡತಿ, ಮಣ್ಣು ಹೊರುವವಳು, ಆ ವಾರ ತವರಿಗೆ ಹೋಗಿದ್ದಳು. ಜಲ್ಲಿ ಒಡೆಯುತ್ತಿದ್ದ ನನ್ನ ಮುನಿಯಮ್ಮ ಹನುಮಂತಪ್ಪನ ಹೆಂಡತಿ, ಕೆಲಸಕ್ಕೆ ಸೇರಿಸುವಾಗ ಗಂಡನೇ ಬಂದು ಅಪ್ಪನ ಹತ್ತಿರ ಹೆಸರು ಬರೆಸಿದ್ದ. ಭಾವ ಮೊದಲನೇ ದಿನವೇ "ಯಜಮಾನರ ಹೆಸರೇನಮ್ಮ?" ಎಂದು ಕೇಳಿದರು. ಆಗೆಲ್ಲ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬ ಭಯ. ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು, "ಲಂಕೆ ಸುಟ್ಟೋನು ಸ್ವಾಮಿ," ಎಂದಳು. ನನಗೆ ನಗು ಬಂತು. ಭಾವನಿಗೆ ಮಾತ್ರ ಏನೂ ಹೊಳೆಯಲಿಲ್ಲ, ಪುಟದಲ್ಲಿ ಮೊದಲು ಕಂಡ ಮುನಿಯಮ್ಮನಿಗೇ ದಿನಾ ಹಾಜರಿ ಹಾಕಿಬಿಟ್ಟರು. ಓದಿದವರ ಬುದ್ಧಿ ನೋಡಿ.

ಶನಿವಾರ ಅಪ್ಪ ಕಂಬಳಿ ಹೊದ್ದು ಬಂದು ಓದತೊಡಗಿದರು. "ಮುನಿಯಮ್ಮ, ಗಂಡ ನಂಜಪ್ಪ, ಆರು ದಿನ. ಮುನಿಯಮ್ಮ, ಗಂಡ ಹನುಮಂತಪ್ಪ, ಒಂದು ದಿನವೂ ಇಲ್ಲ." ನನ್ನ ಮುನಿಯಮ್ಮನ ಮುಖ ಬಿಳಿಚಿಕೊಂಡಿತು. ಕಣ್ಣು ತುಂಬಿತು, ಬಾಯಿ ಮಾತ್ರ ಬಿಡಲಿಲ್ಲ. ಹೆಂಗಸರು ಪಿಸುಗುಟ್ಟಿದರು, ಆದರೆ ಅಪ್ಪನ ಎದುರು ಮಾತೆತ್ತಲು ಅವರಿಗೂ ಅಂಜಿಕೆ. ಅಪ್ಪ ಲೇಖನಿಯನ್ನು ಕೆಂಪು ಶಾಯಿಗೆ ಅದ್ದಿದರು.

ಹಾಜರಿ ಓದುವಾಗ ಮಕ್ಕಳು ಉಸಿರೆತ್ತಿದರೆ ಅಪ್ಪ ಸುಮ್ಮನಿರುತ್ತಿರಲಿಲ್ಲ. ಆದರೂ ಎದ್ದು ನಿಂತೆ. "ಅಪ್ಪ, ಗೆರೆ ಎಳೀಬೇಡ. ಈವಮ್ಮ ದಿನಾ ಬಂದವ್ಳೆ. ಇವಳ ಗಂಡ ಹನುಮಂತಪ್ಪ. ಲಂಕೆ ಸುಟ್ಟೋನು ಅಂದಿದ್ದು ಭಾವನಿಗೆ ತಿಳೀಲಿಲ್ಲ."

ಆಗ ಹೆಂಗಸರೆಲ್ಲ ಒಟ್ಟಿಗೆ, "ಹೂಂ ಸ್ವಾಮಿ, ಆರು ದಿನಾನೂ ಬಂದವ್ಳೆ," ಎಂದರು. ಭಾವ ನೆಲ ನೋಡಿದರು. ಅಪ್ಪ ನಕ್ಕುಬಿಟ್ಟರು. ಆರು ದಿನವನ್ನು ಸರಿಯಾದ ಜಾಗಕ್ಕೆ ಬರೆದು, ಪಕ್ಕದಲ್ಲಿ ರುಜು ಹಾಕಿ, ಆಮೇಲೆ ಗೆರೆ ಎಳೆದರು. ಮುಂದಿನ ವಾರದಿಂದ ಪುಸ್ತಕದಲ್ಲಿ ಗಂಡಂದಿರ ಹೆಸರೇ ಇರಲಿಲ್ಲ. ಜಲ್ಲಿ ಮುನಿಯಮ್ಮ, ಮಣ್ಣು ಮುನಿಯಮ್ಮ ಎಂದಿತ್ತು. ಜಲ್ಲಿ ಮುನಿಯಮ್ಮನ ಮಗಳು ಹೊಸ ಸ್ಲೇಟು ಹಿಡಿದು ಬಂದು ಶಾಲೆಯಲ್ಲಿ ನನ್ನ ಪಕ್ಕವೇ ಕೂತಳು.

ಈಗ ನೋಡಿ ಮಕ್ಕಳೇ, ನಿಮ್ಮಮ್ಮ ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗುತ್ತಾಳೆ. ಬೆರಳಿಟ್ಟರೆ ಯಂತ್ರವೇ ಹಾಜರಿ ಹಾಕಿಕೊಳ್ಳುತ್ತದೆ. ಅಲ್ಲೂ ಸಂಬಳಕ್ಕೆ ಮುಂಚೆ ಒಂದು ದಿನ ಎಲ್ಲರ ಹಾಜರಿ ನೋಡಿ ಲೆಕ್ಕಕ್ಕೆ ಬೀಗ ಹಾಕುತ್ತಾರಂತೆ, ಆಮೇಲೆ ತಿದ್ದುವಂತಿಲ್ಲ. ಮೊನ್ನೆ ಹಾಜರಿಯಲ್ಲಿ ಒಂದು ದಿನ ಕಡಿಮೆ ಬಂದಿದ್ದಕ್ಕೆ ನಿಮ್ಮಮ್ಮ ಬೀಗ ಬೀಳುವ ಮುಂಚೆಯೇ ಫೋನು ಮಾಡಿ, ತನ್ನ ಹೆಸರು ಹೇಳಿ, ಗಟ್ಟಿಯಾಗಿ ಕೇಳಿ ಸರಿಮಾಡಿಸಿಕೊಂಡಳು. ಯಾರ ಹೆಂಡತಿ ನೀನು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಿಸಿಕೊಂಡ ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ನನ್ನ ಕಥೆ ಬೇರೆ ಬಿಡಿ. ನಿಮ್ಮ ತಾತನ ಹೆಸರು ಯಾರಾದರೂ ಕೇಳಿದರೆ, ಹೇಳಲು ಇವತ್ತಿಗೂ ನಿಮ್ಮಲ್ಲೊಬ್ಬರನ್ನು ಕೂಗುತ್ತೇನೆ.