ಗ್ರಹಣದ ತೊಂಡೆಕಾಯಿ

೨೦೧೯ರ ಡಿಸೆಂಬರ್ ೨೬, ಬೆಳಿಗ್ಗೆ ೯ ಗಂಟೆ ೨೫ ನಿಮಿಷ. ಚಂದ್ರ ಸೂರ್ಯನ ನಡುಭಾಗವನ್ನು ಮುಚ್ಚಿ, ಅಂಚು ಮಾತ್ರ ಬಳೆಯಂತೆ ಹೊಳೆಯುತ್ತಿತ್ತು. ಅದನ್ನು ನೋಡಲು ಕಾಸರಗೋಡು ಜಿಲ್ಲೆಗೆ ದೂರದೂರದಿಂದ ಜನ ಬಂದಿದ್ದರು. ಸೀತಾಂಗೋಳಿಯ ಮನೆಯೊಂದರ ಅಡುಗೆಕೋಣೆಯಲ್ಲಿ ರಶ್ಮಿತಾ ಮೆಟ್ಟುಕತ್ತಿಯ ಮುಂದೆ ಕೂತು ತೊಂಡೆಕಾಯಿ ಸೀಳುತ್ತಿದ್ದಳು.

ಅವಳಿಗೆ ಆಗ ಮೂವತ್ತನೇ ವಾರ. ಹೊಟ್ಟೆ ಖಾಲಿ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಗ್ರಹಣ ಬಿಡುವವರೆಗೆ ಒಲೆ ಹಚ್ಚುವಂತಿರಲಿಲ್ಲ. ಬಿಟ್ಟ ಕೂಡಲೇ ಪಲ್ಯ ಒಗ್ಗರಣೆಗೆ ಹಾಕಬಹುದೆಂದು ಅವಳು ಮೊದಲೇ ಹೆಚ್ಚಿಡುತ್ತಿದ್ದಳು. ಅತ್ತೆ ವಸುಮತಿ ಬಾಗಿಲಲ್ಲಿ ನಿಂತು ಕೂಗಿದರು.

"ಎಂತ ಮಾಡ್ತಾ ಇದ್ದಿ ನೀನು? ಕತ್ತಿ ಮಡಚು! ಒಳಗೆ ಮಲಗು ಅಂತ ಹೇಳಿದ್ದಲ್ವಾ?"

"ಹಸಿವಿಗೆ ಗ್ರಹಣ ಗೊತ್ತಾಗುದಿಲ್ಲ ಅತ್ತೆ. ಇನ್ನು ನಾಲ್ಕು ಉಂಟು, ಮುಗಿಸ್ತೇನೆ."

ಮುಗಿಸಿದಳು. ಗ್ರಹಣ ಬಿಟ್ಟ ಮೇಲೆ ಆ ಪಲ್ಯವನ್ನು ವಸುಮತಿಯೂ ಉಂಡರು.

ಮಾರ್ಚ್ ಮೊದಲ ವಾರ ಕಾಸರಗೋಡಿನ ಆಸ್ಪತ್ರೆಯಲ್ಲಿ ಮೋಕ್ಷಿತಾ ಹುಟ್ಟಿದಳು. ಮೇಲ್ದುಟಿ ಎಡಗಡೆ ಮೂಗಿನ ಹೊಳ್ಳೆಯವರೆಗೆ ಸೀಳಿತ್ತು. ಆಪರೇಷನ್ ಮಾಡಿದರೆ ಸರಿಯಾಗುತ್ತದೆ, ಹೆದರಬೇಡಿ ಎಂದರು ಡಾಕ್ಟರು. ಹಾಸಿಗೆಯ ಕಾಲಬದಿಯಲ್ಲಿ ನಿಂತಿದ್ದ ವಸುಮತಿಯ ಬಾಯಿಂದ ಬಂದದ್ದು ಒಂದೇ ಮಾತು: "ತೊಂಡೆಕಾಯಿ."

ಸಂಜೆಯೊಳಗೆ ಅದು ಪುತ್ತಿಗೆಯ ನೆಂಟರ ಮನೆಗಳಿಗೂ ತಲುಪಿತ್ತು. ತೊಟ್ಟಿಲು ನೋಡಲು ಬಂದವರು ಮಗುವಿನ ಮುಖ ನೋಡಿ, ಆಮೇಲೆ ತಾಯಿಯ ಕೈ ನೋಡಿದರು. ಹೌದು, ಕೈಯನ್ನೇ. ಕೊಲೆ ಮಾಡಿದವರ ಕೈಯನ್ನು ನೋಡುವ ಹಾಗೆ.

ರಶ್ಮಿತಾ ಹೈಯರ್ ಸೆಕೆಂಡರಿ ಶಾಲೆಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಪುತ್ತಿಗೆಯಲ್ಲಿ ಹುಟ್ಟಿ, ಕಾಸರಗೋಡಿನ ಕಾಲೇಜಿನಲ್ಲಿ ಓದಿದವಳು. ಭ್ರೂಣದ ಪಾಠ ಬಂದಾಗ ತರಗತಿಯ ಕಿಟಕಿಗಳನ್ನು ಮುಚ್ಚಿಸಿ, ಕಾವು ಕೊಟ್ಟ ಕೋಳಿಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು, ಒಳಗಿನ ಕೆಂಪು ರಕ್ತನಾಳಗಳನ್ನು ಮಕ್ಕಳಿಗೆ ತೋರಿಸುವುದು ಅವಳ ಕ್ರಮ. ಅಂಥವಳಿಗೂ ಮಗುವಿನ ಮುಖ ಮೊದಲು ಕಂಡಾಗ ಮೆಟ್ಟುಕತ್ತಿ ನೆನಪಾಯಿತು. ಅರ್ಧ ನಿಮಿಷ ಮಾತ್ರ. ಆ ಅರ್ಧ ನಿಮಿಷವನ್ನು ತನ್ನ ತಲೆಯೊಳಗೆ ಯಾರು ಇಟ್ಟರು ಎಂದು ಅವಳಿಗೆ ಇಂದಿಗೂ ಸಿಟ್ಟು. ಎರಡು ಎಂ.ಎಸ್ಸಿ. ಇರುವ ಸಹೋದ್ಯೋಗಿ ಬಾಣಂತಿಯನ್ನು ನೋಡಲು ಬಂದು, "ಆದರೂ ಸ್ವಲ್ಪ ಜಾಗ್ರತೆ ಮಾಡಬಹುದಿತ್ತು ಟೀಚರೇ" ಎಂದಾಗ ಆ ಸಿಟ್ಟು ನಾಲ್ಕು ಪಟ್ಟಾಯಿತು.

ಮುಖ ಆಗುವ ಬಗೆ ಹೀಗೆ. ಆರಂಭದಲ್ಲಿ ಭ್ರೂಣಕ್ಕೆ ಮುಖವೇ ಇಲ್ಲ. ಮೂಗು ಬರಬೇಕಾದಲ್ಲಿಂದಲೂ ಎರಡು ಕೆನ್ನೆಗಳ ಕಡೆಯಿಂದಲೂ ಸಣ್ಣ ದಿಬ್ಬಗಳು ಏಳುತ್ತವೆ, ಬೆಳೆಯುತ್ತ ಒಂದರತ್ತ ಒಂದು ಸರಿಯುತ್ತವೆ. ಅವುಗಳಿಗೆ ದಾರಿ ಹೇಳುವುದು ರಾಸಾಯನಿಕಗಳು. ಒಂದು ಗುಂಪಿನ ಕೋಶಗಳು ಪ್ರೋಟೀನೊಂದನ್ನು ಹೊರಬಿಡುತ್ತವೆ. ಅದು ಹುಟ್ಟಿದಲ್ಲಿ ದಟ್ಟ, ದೂರ ಹೋದಂತೆ ತೆಳು. ಪಕ್ಕದ ಕೋಶಗಳು ಆ ದಟ್ಟಣೆಯ ಪ್ರಕಾರ ಬೆಳೆಯಬೇಕೋ, ಸರಿಯಬೇಕೋ, ನಿಲ್ಲಬೇಕೋ ಎಂಬುದು ತೀರ್ಮಾನವಾಗುತ್ತದೆ. ಎ ಜೀವಸತ್ವದಿಂದ ತಯಾರಾಗುವ ಒಂದು ಆಮ್ಲಕ್ಕೂ ಇದರಲ್ಲಿ ಪಾಲಿದೆ. ಅದು ಹೆಚ್ಚಾದರೂ ಕೆಡುಕು, ಕಡಿಮೆಯಾದರೂ ಕೆಡುಕು. ಎರಡು ದಿಬ್ಬಗಳು ಮುಟ್ಟಿದಾಗ ನಡುವಿನ ತೆಳು ಪದರದ ಕೋಶಗಳು ಜಾಗ ಬಿಟ್ಟುಕೊಡಬೇಕು, ಕೆಲವು ಸಾಯಲೂ ಬೇಕು. ಆಗಲೇ ಆ ಕಡೆಯ ಮಾಂಸ ಈ ಕಡೆಯದಕ್ಕೆ ಬೆಸೆಯುತ್ತದೆ. ಬಸಿರಿನ ಲೆಕ್ಕದಲ್ಲಿ ಒಂಬತ್ತನೇ ವಾರದ ಹೊತ್ತಿಗೆ ಮೇಲ್ದುಟಿಯ ಈ ಕೆಲಸ ಮುಗಿದಿರುತ್ತದೆ. ಕೂಡಿದರೆ ಕೂಡಿತು, ಇಲ್ಲದಿದ್ದರೆ ಇಲ್ಲ. ಹೆಚ್ಚಿನ ಮಕ್ಕಳಲ್ಲಿ ಏಕೆ ಕೂಡಲಿಲ್ಲ ಎಂದು ಯಾರಿಗೂ ಖಚಿತವಾಗಿ ಹೇಳಲಾಗುವುದಿಲ್ಲ. ವಂಶವಾಹಿಯ ಪಾಲು ಸ್ವಲ್ಪ, ಹೊರಗಿನದ್ದು ಸ್ವಲ್ಪ. "ಗೊತ್ತಿಲ್ಲ" ಎಂಬುದು ವಿಜ್ಞಾನದಲ್ಲಿ ಮರ್ಯಾದೆಯ ಉತ್ತರ. ಆದರೆ ಬಾಣಂತಿಯ ಮುಂದೆ ಅದನ್ನು ಹೇಳಿ ಸುಮ್ಮನಾಗುವವರು ಎಷ್ಟು ಮಂದಿ? ಉತ್ತರ ಇಲ್ಲದ ಕಡೆ ಒಬ್ಬ ಹೆಂಗಸನ್ನು ತಂದು ನಿಲ್ಲಿಸುವುದು ಎಲ್ಲರಿಗೂ ಸುಲಭ.

ಮಗುವಿಗೆ ಮೂರು ತಿಂಗಳಾದಾಗ ಮಂಗಳೂರಿನಲ್ಲಿ ಆಪರೇಷನ್ ಆಗಬೇಕಿತ್ತು. ಕೋವಿಡ್ ಬಂದು ತಲಪಾಡಿಯ ಗಡಿ ಮುಚ್ಚಿತು. ಎದೆಗೆ ಹಾಕಿದರೆ ಚೀಪಲಾಗದ ಮಗುವಿಗೆ ರಶ್ಮಿತಾ ಹಾಲು ಹಿಂಡಿ, ಹಳೆಯ ಬೆಳ್ಳಿಯ ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಹೊಟ್ಟೆಗೆ, ಅರ್ಧ ಕುತ್ತಿಗೆಗೆ. ಕೊನೆಗೂ ದಾರಿ ತೆರೆದು ಸೆಪ್ಟೆಂಬರಿನಲ್ಲಿ ಆಪರೇಷನ್ನಿಗೆ ದಿನ ಸಿಕ್ಕಿತು. ಬಸ್ಸು ಇರಲಿಲ್ಲ. ಮನೆತನದಲ್ಲಿ ಕಾರು ಇದ್ದದ್ದು ಒಬ್ಬರಿಗೆ: ರಶ್ಮಿತಾಳ ಗಂಡ ಹರಿನಾಥನ ದೊಡ್ಡಪ್ಪ, ಕೇಶವಪ್ರಸಾದರಿಗೆ.

ದೊಡ್ಡಪ್ಪ ಪ್ರಶ್ನೆ ಇಡಿಸಿದ್ದರು. ಜೋಯಿಸರ ಕವಡೆಯಲ್ಲಿ ಗ್ರಹಣದ ದೋಷ ಕಂಡಿತ್ತು. ರಶ್ಮಿತಾ ಪುತ್ತಿಗೆಯಲ್ಲಿರುವ ಗಂಡನ ಕುಟುಂಬದ ಮೂಲಮನೆಗೆ, ಅಂದರೆ ತರವಾಡು ಮನೆಗೆ ಬಂದು, ದೈವದ ಮುಂದೆ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿ, ತಪ್ಪುಕಾಣಿಕೆ ಹಾಕಬೇಕು.

"ಒಂದು ನಾಣ್ಯ ಹಾಕಿದರೆ ಮುಗಿಯಿತಲ್ಲ" ಎಂದ ಹರಿನಾಥ. "ಕಾಣಿಕೆ ಬೀಳದೆ ಕಾರು ಹೊರಡುದಿಲ್ಲ ಅಂತ ದೊಡ್ಡಪ್ಪ ಹೇಳಿಯಾಗಿದೆ. ನಮ್ಮ ಕಿನ್ನಿ ಮಗುವಿಗಾಗಿ ಹಾಕು."

"ಕಿನ್ನಿಗಾಗಿಯೇ ಹಾಕುದಿಲ್ಲ" ಎಂದಳು ರಶ್ಮಿತಾ. "ನಾಳೆ ಅವಳು ಕನ್ನಡಿ ನೋಡಿ ಕೇಳ್ತಾಳೆ. ಆಗ ಎಲ್ಲರೂ ಎಂತ ಹೇಳುದು? ನಿನ್ನ ಅಮ್ಮನೇ ಸೀಳಿದ್ದು, ದೈವದ ಎದುರು ಒಪ್ಪಿಕೊಂಡಿದ್ದಾಳೆ ಅಂತ."

ಕಾಣಿಕೆ ಹಾಕದಿದ್ದರೂ ತನ್ನ ಮಾತನ್ನು ಅಲ್ಲೇ ಹೇಳುತ್ತೇನೆಂದು ರಶ್ಮಿತಾ ತರವಾಡು ಮನೆಗೆ ಹೊರಟ ಬೆಳಿಗ್ಗೆ ವಸುಮತಿ ನೀರುದೋಸೆ ಹೊಯ್ಯುತ್ತಿದ್ದರು. ರಶ್ಮಿತಾ ಹತ್ತಿರ ಹೋಗಿ, ಹಿಟ್ಟು ತಾಗದೆ ಉಳಿದ ಒಂದು ತೂತನ್ನು ತೋರಿಸಿದಳು.

"ಇದನ್ನು ಎಂತ ಮಾಡ್ತೀರಿ ಅತ್ತೆ?"

"ಹಸಿ ಇರುವಾಗಲೇ ಸ್ವಲ್ಪ ಹಿಟ್ಟು ಬಿಟ್ಟರೆ ಕೂಡಿಕೊಳ್ತದೆ. ಬೆಂದ ಮೇಲೆ ಬಿಟ್ಟರೆ ಅಂಟುದಿಲ್ಲ. ಹೊಸತಾ ನಿನಗೆ?"

"ಮತ್ತೆ ಕೂಡಿ ಬೆಂದ ದೋಸೆ? ಹೊರಗೆ ಕತ್ತಲಾದರೆ ಅದು ಎರಡಾಗ್ತದಾ?"

ವಸುಮತಿ ಸೌಟು ಹಿಡಿದುಕೊಂಡೇ ನಿಂತರು. ದೋಸೆಯ ಅಂಚು ಕೆಂಪಾಯಿತು. ನೀರುದೋಸೆ ಕೆಂಪಾಗುವುದು ಆ ಮನೆಯಲ್ಲಿ ಸಣ್ಣ ಸಂಗತಿಯಲ್ಲ. "ತುಟಿ ಬೇಯುದು ಯಾವಾಗ?" ಎಂದು ಕೇಳಿದರು.

"ಎರಡು ತಿಂಗಳು ದಾಟುವಾಗ."

ಅವರು ಕಾವಲಿಯಿಂದ ದೋಸೆ ಎಬ್ಬಿಸಿದರು. ಕೆಂಪಾದ ದೋಸೆಯನ್ನು ತಾವೇ ತಿಂದರು.

ತರವಾಡು ಮನೆಯ ದೈವದ ಕೋಣೆಯ ಎದುರು ಹತ್ತು ಹನ್ನೆರಡು ಮಂದಿ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಕೂತಿದ್ದರು. ದೊಡ್ಡಪ್ಪ ವೀಳ್ಯದೆಲೆಯ ಮೇಲೆ ನಾಣ್ಯ ಇಟ್ಟ ತಟ್ಟೆಯನ್ನು ರಶ್ಮಿತಾಳ ಮುಂದೆ ಸರಿಸಿದರು.

"ಹೇಳು ಮಗಳೇ. ಗ್ರಹಣದಲ್ಲಿ ತರಕಾರಿ ಕತ್ತರಿಸಿದೆ, ತಪ್ಪಾಯಿತು ಅಂತ. ಅಷ್ಟೇ."

"ದೊಡ್ಡ ಮಾವ, ನನ್ನ ಬಯಕೆ ಸೀಮಂತಕ್ಕೆ ದಿನ ಇಟ್ಟದ್ದು ಯಾರು?"

"ನಾನೇ. ಧನು ತಿಂಗಳಿಗೆ ಮೊದಲು, ಗ್ರಹಣಕ್ಕೂ ಮೊದಲು ಮುಗಿಸುವ ಅಂತ ನಾನೇ ಇಟ್ಟದ್ದು. ಅದಕ್ಕೆ ಎಂತ ಈಗ?"

"ಎಷ್ಟನೇ ತಿಂಗಳಲ್ಲಿ ಮಾಡಿಸಿದ್ದು?"

"ಬಯಕೆ ಏಳರಲ್ಲಿ ಅಲ್ಲದೆ ಮತ್ತೆ ಎಷ್ಟರಲ್ಲಿ ಮಾರಾಯ್ತಿ?"

"ಹಾಗಾದರೆ ಗ್ರಹಣದ ದಿನ ನನಗೆ ಏಳು ತಿಂಗಳು ತುಂಬಿ ಬರ್ತಾ ಇತ್ತು. ಮಗುವಿನ ತುಟಿಯ ಕೆಲಸ ಒಂಬತ್ತನೇ ವಾರಕ್ಕೇ ಮುಗಿದಿತ್ತು. ಈ ಚಾವಡಿಯಲ್ಲಿ ನನಗೆ ಹೂ ಮುಡಿಸಿ, ಬಳೆ ತೊಡಿಸಿ, ಸಿಹಿ ತಿನ್ನಿಸಿದಿರಲ್ಲ, ಆಗಲೇ ಒಳಗೆ ಅವಳ ತುಟಿ ಹೀಗೆಯೇ ಇತ್ತು. ನನ್ನ ಕತ್ತಿ ತಲುಪುವಾಗ ಸೀಳಲಿಕ್ಕೆ ಅಲ್ಲಿ ಎಂತ ಉಳಿದಿತ್ತು?"

"ಒಂದೆರಡು ವಾರ ಆಚೀಚೆ ಆಗ್ತದೆ. ಪುಸ್ತಕದ ಲೆಕ್ಕ ಎಲ್ಲ ಸರಿ ಇರ್ತದಾ?"

"ಒಂದೆರಡು ಅಲ್ಲ ದೊಡ್ಡ ಮಾವ. ಗ್ರಹಣ ಬಂದದ್ದು ಇಪ್ಪತ್ತೊಂದು ವಾರ ತಡವಾಗಿ."

ಯಾರೋ ಕೆಮ್ಮಿದರು, ಎಲ್ಲರೂ ಮಾಸ್ಕು ಮೇಲೆ ಎಳೆದುಕೊಂಡರು. ದೊಡ್ಡಪ್ಪನ ಮುಖ ಬಿಗಿಯಾಯಿತು. "ಅದೆಲ್ಲ ಶಾಲೆಯಲ್ಲಿ. ಇಲ್ಲಿ ಕಾಣಿಕೆ ಬೀಳಬೇಕು. ಬೀಳದೆ ಕಾರು ಹೊರಡುದಿಲ್ಲ."

ಆಗ ವಸುಮತಿ ಎದ್ದರು. ತಟ್ಟೆಯಿಂದ ವೀಳ್ಯದೆಲೆಯನ್ನೂ ನಾಣ್ಯವನ್ನೂ ಎತ್ತಿಕೊಂಡು, ದೈವದ ಕೋಣೆಯ ಹೊಸ್ತಿಲ ಮೇಲಿಟ್ಟು ಕೈಮುಗಿದರು. ಎಲ್ಲರಿಗೂ ಕೇಳುವಂತೆ ಹೇಳಿದರು:

"ತಪ್ಪಾಯಿತು. ನನ್ನ ಸೊಸೆಯ ಮೇಲೆ ಇಲ್ಲದ ಮಾತು ಹಬ್ಬಿಸಿದ್ದು ನಾನು."

ನಂತರ ಭಾವನ ಕಡೆ ತಿರುಗಿದರು. "ಕಾಣಿಕೆ ಬಿದ್ದಿದೆ ಭಾವ. ಬೀಳಬೇಕು ಅಂತ ಈಗ ಹೇಳುವಾಗ ಯಾರದ್ದು ಅಂತ ನೀವು ಹೇಳಲಿಲ್ಲ. ಇನ್ನು ಕಾರು ತೆಗೆಯಿರಿ."

ಹೇಳಿದ ಮಾತಿಗೆ ತಪ್ಪುವವರಲ್ಲ ಕೇಶವಪ್ರಸಾದರು; ಆ ಮಾತು ಎಷ್ಟು ಅನ್ಯಾಯದ್ದಾಗಿದ್ದರೂ. ಆಪರೇಷನ್ನಿನ ದಿನ ಬೆಳಿಗ್ಗೆ ಕಾರು ತಂದು ನಿಲ್ಲಿಸಿದರು, ತಾವೇ ಓಡಿಸಿದರು. ಕಾರು ಕುಂಬಳೆ, ಮಂಜೇಶ್ವರ ದಾಟಿತು. ಹಿಂದಿನ ಸೀಟಿನಲ್ಲಿ ರಶ್ಮಿತಾಳ ಮಡಿಲಲ್ಲಿ ಮೋಕ್ಷಿತಾ ತನ್ನ ಸೀಳುತುಟಿಯಿಂದಲೇ ಅಗಲವಾಗಿ ನಗುತ್ತಿದ್ದಳು. ಮರುದಿನದಿಂದ ಆ ನಗುವಿನ ಆಕಾರ ಬೇರೆಯಾಗಲಿತ್ತು. ರಶ್ಮಿತಾ ಅದನ್ನು ಕಣ್ಣು ತುಂಬ ನೋಡಿಕೊಳ್ಳುತ್ತಿದ್ದಳು. ಇದೂ ಅವಳು ಹೆತ್ತ ಮುಖವೇ. ಇದನ್ನು ತಪ್ಪು ಎಂದು ಕರೆದವರನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ.

ತಲಪಾಡಿ ದಾಟಿದ ಮೇಲೆ ದೊಡ್ಡಪ್ಪ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು.

"ಎಷ್ಟು ವಾರ ಅಂತ ಹೇಳಿದ್ದು ನೀನು ಅವತ್ತು?"

ಮಗುವಿನ ಮೇಲಿನ ಕಣ್ಣು ತೆಗೆಯದೆ ಅವಳು ಹೇಳಿದಳು: "ಇಪ್ಪತ್ತೊಂದು."