ಬೆಸುಗೆಯಿಲ್ಲದ ಶಿಲುಬೆ

2006ರ ಆಗಸ್ಟ್ 12ರ ಶನಿವಾರ ಬೆಳಿಗ್ಗೆ, ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ, ನನ್ನ ಮಾವ ಒಂದು ಜರ್ಮನ್ ಸೇನಾಪದಕವನ್ನು ನೋಡಿ ಅಸಲಿ ಎಂದು ಹೇಳಿದರು. ಪದಕ ನಕಲಿಯಾಗಿತ್ತು.

ಅದನ್ನು ತಂದವರು ಪಕ್ಕದ ಮನೆಯ ಡಚ್ ಮೂಲದ ಹೆಂಗಸು. ಅವರ ಗಂಡ ಜರ್ಮನ್, ಜೂನ್‌ನಲ್ಲಿ ತೀರಿಕೊಂಡಿದ್ದರು. ಯುದ್ಧಕಾಲದಲ್ಲಿ ತಾನು ಸೈನ್ಯದ ಬೇಕರಿಯಲ್ಲಿ ಬ್ರೆಡ್ ಮಾಡುತ್ತಿದ್ದೆ, ಬಂದೂಕು ಹಿಡಿದದ್ದು ತರಬೇತಿಯಲ್ಲಿ ಮಾತ್ರ ಎಂದು ಹೇಳಿ ಅವರು ಈಕೆಯನ್ನು ಮದುವೆಯಾಗಿದ್ದರು. ಈಕೆಯ ಅಣ್ಣನನ್ನು ಜರ್ಮನ್ ಸೈನಿಕರು ಗುಂಡಿಟ್ಟು ಕೊಂದಿದ್ದರು. ಬೇಕರಿಯವನು ಎಂಬ ಕಾರಣಕ್ಕೇ ಒಪ್ಪಿದೆ ಎಂದು ನನ್ನ ಬಳಿ ಒಮ್ಮೆ ಹೇಳಿದ್ದರು. ನಲವತ್ತೊಂಬತ್ತು ವರ್ಷ ಸಂಸಾರ ಮಾಡಿದ ಮೇಲೆ, ಗಂಡನ ಕಾಲುಚೀಲಗಳ ಅಡಿಯಲ್ಲಿ ಕಪ್ಪು ಶಿಲುಬೆ ಸಿಕ್ಕಿತು. ಯುದ್ಧದಲ್ಲಿ ಪರಾಕ್ರಮ ತೋರಿದವರಿಗೆ ಕೊಡುತ್ತಿದ್ದ ಪದಕ ಅದು. ಇಬ್ಬರಿಗೆಂದು ತೆಗೆದುಕೊಂಡಿದ್ದ ಸಮಾಧಿಯಲ್ಲಿ ಗಂಡನ ಪಕ್ಕ ಮಲಗಬೇಕೋ ಬೇಡವೋ ಎಂಬುದು ಅವರ ಪ್ರಶ್ನೆ. ಅಸಲಿಯಾದರೆ ಗಂಡ ಹೇಳಿದ ಬೇಕರಿಯ ಮಾತು ಸುಳ್ಳು; ಪದಕ ನಕಲಿಯಾಗಿರಲಿ ಎಂಬುದು ಅವರ ಆಸೆ.

ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಡೆಸ್ಕ್‌ನಲ್ಲಿ ಹಳೆಯ ವಸ್ತುಗಳ ಅಂಕಣವನ್ನು ಎರಡು ವರ್ಷ ತಿದ್ದಿದ್ದೆ. ಅಸಲಿ ಶಿಲುಬೆಯಲ್ಲಿ ನಡುವಿನ ಕಪ್ಪು ಭಾಗ ಸಾಮಾನ್ಯವಾಗಿ ಕಬ್ಬಿಣದ್ದು, ಅಯಸ್ಕಾಂತ ಹಿಡಿಯುತ್ತದೆ. ಸುತ್ತಲಿನ ಚೌಕಟ್ಟನ್ನು ಬೇರೆ ಮಾಡಿ ಬೆಸೆದಿರುತ್ತಾರೆ. ಅಗ್ಗದ ನಕಲಿಯನ್ನು ಒಂದೇ ಎರಕದಲ್ಲಿ ಹೊಯ್ದು ಬಣ್ಣ ಬಳಿಯುತ್ತಾರೆ. ಇಷ್ಟು ಓದಿ ಗೊತ್ತು, ಕಣ್ಣು ಪಳಗಿರಲಿಲ್ಲ. ಮಾವ ಉಡುಪಿಯಲ್ಲಿ ನಲವತ್ತು ವರ್ಷ ಅಕ್ಕಸಾಲಿ ಕೆಲಸ ಮಾಡಿದವರು, ಮೂರು ತಿಂಗಳ ವೀಸಾದಲ್ಲಿ ಬಂದು ಬೇಸರದಿಂದ ಕುಳಿತಿದ್ದರು. ಅವರೇ ನೋಡಲಿ ಎಂದೆ. ಆಕೆಗೆ ಯಾವ ಉತ್ತರ ಬೇಕಿದೆ ಎಂದು ಅವರಿಗೆ ಹೇಳಲಿಲ್ಲ. ಪರಿಶೀಲಿಸುವವರಿಗೆ ಕೇಳಿದವರ ಬಯಕೆ ತಿಳಿಸಬಾರದು ಎಂಬುದು ಡೆಸ್ಕಿನ ನಿಯಮ.

ನಾನು ಒಳಗೆ ಫೋನಿನಲ್ಲಿದ್ದೆ. ಹೊರಗೆ ಬರುವಷ್ಟರಲ್ಲಿ ಮಾವ ಎರಡು ಕೈಯಲ್ಲೂ ಪದಕ ಹಿಡಿದು, "ಒರಿಜಿನಲ್, ಮೇಡಂ. ಫುಲ್ ಒರಿಜಿನಲ್," ಎಂದು ಮರಳಿಸುತ್ತಿದ್ದರು. ಆಕೆ ಥ್ಯಾಂಕ್ಸ್ ಹೇಳಿ ಹೋದರು. ತಂದಿದ್ದ ಕೇಕಿನ ತಟ್ಟೆ ನಮ್ಮಲ್ಲೇ ಉಳಿಯಿತು.

ಬೆಸುಗೆ ಕಂಡಿತೇ ಎಂದು ಮಾವನನ್ನು ಕೇಳಿದೆ.

"ಬೆಸುಗೆ ಎಲ್ಲಿಂದ ಬರ್ಬೇಕು ಮಾರಾಯ್ರೆ? ಅದು ಪೂರಾ ಎರಕದ್ದು. ಅಂಚಿನಲ್ಲಿ ಸೂಜಿಮೊನೆಯ ಹಾಗೆ ತೂತುಗಳುಂಟು, ಪೈಂಟ್ ಬೇರೆ."

ಮತ್ತೆ ಹಾಗೇಕೆ ಹೇಳಿದಿರಿ ಎಂದೆ.

"ಗಂಡ ಸತ್ತು ಎರಡು ತಿಂಗಳಾದ ಹೆಂಗಸಿಗೆ, ಅವನು ಇಟ್ಟು ಹೋದದ್ದು ನಕಲಿ ಅಂತ ಹೇಳ್ಲಿಕ್ಕುಂಟಾ? ನಮ್ಮ ಅಂಗಡಿಯಲ್ಲಿ ಆ ಕ್ರಮ ಇಲ್ಲ. ಮಾರ್ಲಿಕ್ಕೆ ಬಂದ್ರೆ ಮಾತ್ರ ನಿಜ ಹೇಳುವುದು."

ಆಕೆಗೆ ನಕಲಿ ಎಂಬ ಉತ್ತರವೇ ಬೇಕಿತ್ತು ಎಂದು, ಕಾರಣಸಹಿತ ತಿಳಿಸಿದಾಗ ಮಾವ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಮರುದಿನ ಇಬ್ಬರೂ ಹೋದೆವು. ಮಾವ "ನಾಟ್ ಒರಿಜಿನಲ್" ಎಂದರು. ನಾನು ಅಂಗಡಿಯ ಕ್ರಮವನ್ನೂ ನನ್ನ ತಪ್ಪನ್ನೂ ವಿವರಿಸಿದೆ. ಫ್ರಿಜ್ಜಿನ ಬಾಗಿಲಿನಿಂದ ತೆಗೆದ ಅಯಸ್ಕಾಂತವನ್ನು ಪದಕಕ್ಕೆ ಹಿಡಿದೆ, ಅಂಟಲಿಲ್ಲ. ಬೆಳ್ಳಿಗೂ ಅಂಟುವುದಿಲ್ಲವಲ್ಲ ಎಂದರು ಆಕೆ. ಬೇಕಾದರೆ ಸಿಟಿಯಲ್ಲಿ ಪದಕಗಳ ವ್ಯಾಪಾರಿಯೊಬ್ಬರಿದ್ದಾರೆ, ಕರೆದುಕೊಂಡು ಹೋಗುತ್ತೇನೆ ಎಂದೆ.

"ನಿಮ್ಮ ಮನಸ್ಸು ಒಳ್ಳೆಯದು," ಎಂದರು. "ನಿನ್ನೆ ಇವರಿಗೆ ನನ್ನ ಕಥೆ ಗೊತ್ತಿರಲಿಲ್ಲ. ಇವತ್ತು ಗೊತ್ತು. ನಾನು ನಿನ್ನೆಯ ಮಾತನ್ನೇ ನಂಬುತ್ತೇನೆ."

ಪತ್ರಿಕೆಯಲ್ಲಿ ಎಷ್ಟೋ ತಿದ್ದುಪಡಿಗಳನ್ನು ಹಾಕಿದ್ದೇನೆ. ಅವು ಒಳಪುಟದ ಮೂಲೆಯಲ್ಲಿ ಬರುತ್ತವೆ, ಓದುವವರು ಕಡಿಮೆ. ಇಲ್ಲಿ ಓದುಗರು ಒಬ್ಬರೇ, ಎದುರಿಗೇ ಕುಳಿತಿದ್ದರು. ಆಮೇಲೂ ಎರಡು ಸಲ ಹೋಗಿ ಅದನ್ನೇ ಹೇಳಿದೆ. ಎರಡನೆಯ ಸಲ ಅವರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಅಕ್ಟೋಬರ್‌ನಲ್ಲಿ ಮಾವ ಊರಿಗೆ ಮರಳಿದರು; ಹೊರಡುವ ದಿನ ಬೇಲಿಯಾಚೆ ನಿಂತಿದ್ದ ಆಕೆಗೆ ಕೈಮುಗಿದರು. ಆಕೆಯೂ ಮುಗಿದರು.

ನಾವು 2007ರಲ್ಲಿ ಮೆಲ್ಬರ್ನ್‌ನ ಟಾರ್ನೀಟ್ ಬಡಾವಣೆಗೆ ಬಂದೆವು. ಗಂಡನ ಸೇನಾ ದಾಖಲೆ ಕೇಳಿ ಆಕೆ ಜರ್ಮನಿಗೆ ಪತ್ರ ಬರೆದಿದ್ದರು. 2008ರ ಮೇ ತಿಂಗಳಲ್ಲಿ ನಾನು ಫೋನ್ ಮಾಡಿದಾಗ ಉತ್ತರ ಇನ್ನೂ ಬಂದಿರಲಿಲ್ಲ. ಗಂಡನ ಸಮಾಧಿಯಿರುವ ಸ್ಮಶಾನದಲ್ಲೇ ಇನ್ನೊಂದು ಸಾಲಿನಲ್ಲಿ ಒಬ್ಬರಿಗೆ ಸಾಕಾಗುವಷ್ಟು ಜಾಗ ತೆಗೆದುಕೊಂಡಿದ್ದೇನೆ ಎಂದರು.