ಬಸ್ಸಿನಲ್ಲಿ ಕಳಿಸಿದ ರನ್ನುಗಳು

ನಮ್ಮ ದೇಶದ ಹೆಂಗಸರ ಕ್ರಿಕೆಟ್ ತಂಡ ಬೆಂಗಳೂರಿನಲ್ಲಿ ಪರದೇಶದವರ ಜೊತೆ ಆಡಿದಾಗ ನಾನು ಆಗಲೇ ಮೊಮ್ಮಗಳನ್ನು ಎತ್ತಿ ಆಡಿಸುತ್ತಿದ್ದವಳು. ಅಳಿಯ ಆಟಕ್ಕೆ ಕರೆದುಕೊಂಡು ಹೋಗಿದ್ದ. ಅವನೂ ಮಗಳೂ ಬ್ಯಾಟು ಬಾಲು ನೋಡುತ್ತಿದ್ದರೆ ನಾನು ಸ್ಕೋರು ಬರೆಯುವವರ ಮೇಜನ್ನೇ ನೋಡುತ್ತಿದ್ದೆ. ಎರಡು ಕಡೆಯವರು ಒಬ್ಬೊಬ್ಬರು ಅಕ್ಕಪಕ್ಕ ಕೂತು, ಆಗಾಗ ಒಬ್ಬರ ಪುಸ್ತಕದೊಳಗೆ ಇನ್ನೊಬ್ಬರು ಇಣುಕಿ ತಲೆಯಾಡಿಸುತ್ತಿದ್ದರು. "ಅಲ್ಲೇನಮ್ಮ ಇದೆ, ಆಟ ಇಲ್ಲಿ" ಅಂದಳು ಮಗಳು. ಅಲ್ಲೇನಿದೆ ಅಂತ ಹೇಳಬೇಕಾದರೆ ಮಂಡ್ಯದಿಂದ ಶುರು ಮಾಡಬೇಕಿತ್ತು. ಆವತ್ತು ಅಷ್ಟು ಹೊತ್ತಿರಲಿಲ್ಲ. ಈಗ ಹೇಳುತ್ತೇನೆ.

ಎರಡನೆಯ ಮಹಾಯುದ್ಧದ ವರ್ಷಗಳು ಅವು. ನಾನು ಮಂಡ್ಯದಲ್ಲಿ ಹೆಣ್ಣುಮಕ್ಕಳ ಮಿಡ್ಲ್‌ಸ್ಕೂಲಿನಲ್ಲಿ ಓದುತ್ತಿದ್ದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿ, ರೈಲ್ವೆ ಸ್ಟೇಷನ್ನಿನ ಹತ್ತಿರ ಬಸ್ಸು ಲಾರಿ ರಿಪೇರಿ ಮಾಡುತ್ತಿದ್ದ ಸಾಹೇಬರ ಮಗಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ನಮ್ಮೆಲ್ಲರಿಗಿಂತ ಖಡಕ್ಕಾದ ಮಂಡ್ಯದ ಕನ್ನಡ.

ಕ್ರಿಕೆಟ್ಟಿನ ಹುಚ್ಚು ಹಚ್ಚಿದವರು ನಮ್ಮ ಟೀಚರಮ್ಮ. ಸಕ್ಕರೆ ಕಾರ್ಖಾನೆಯ ಕಡೆಯಿಂದ ಯಾರೋ ದೊರೆಸಾನಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ಒಂದು ಕಟ್ಟನ್ನು ಶಾಲೆಗೆ ಕೊಟ್ಟಿದ್ದರು. ಅದರಲ್ಲಿ ಒಂದು ಚಿತ್ರ. ಆಸ್ಟ್ರೇಲಿಯಾದ ಹೆಂಗಸರು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಹೆಂಗಸರ ಜೊತೆ ಕ್ರಿಕೆಟ್ ಆಡಿದ ಚಿತ್ರ. ಬಿಳಿ ಬಟ್ಟೆ, ಮಂಡಿಯವರೆಗೆ ಕಾಲುಚೀಲ. ನಾವು ಮುಗಿಬಿದ್ದು ನೋಡಿದೆವು. ಇವರ ಮನೆಯಲ್ಲಿ ಅಡಿಗೆ ಯಾರು ಮಾಡುತ್ತಾರೆ ಅಂತ ಒಬ್ಬಳು ಕೇಳಿದಳು. ಆ ಒಬ್ಬಳು ನಾನೇ. ನನ್ನ ಗೆಳತಿ ಕೇಳಿದ್ದು ಬೇರೆ.

"ಇದ್ರಲ್ಲಿ ಬಾಲ್ ಆಕೋಳು ಯಾರು, ಟೀಚರಮ್ಮ?"

ಟೀಚರಮ್ಮ ಬೆರಳಿಟ್ಟು ತೋರಿಸಿದರು. ಯುದ್ಧ ಮುಗಿಯುವವರೆಗೂ ಇವರ ಆಟ ನಿಂತುಹೋಗಿದೆ ಅಂತಲೂ ಹೇಳಿದರು.

"ಅಂಗಾರೆ ಅವ್ರ ಬದ್ಲು ನಾವ್ ಆಡ್ಬುಡಣ" ಅಂದಳು ಇವಳು. ಆಮೇಲೆ ಏನೋ ಹೊಳೆದು, "ಇಂಡಿಯಾದೋರು ಎಲ್ಲವ್ರೆ ಇದ್ರಲ್ಲಿ?" ಅಂದಳು.

"ನಮ್ಮ ದೇಶಕ್ಕೆ ಇನ್ನೂ ಹೆಂಗಸರ ಟೀಮಿಲ್ಲ ಕಣಮ್ಮ" ಅಂದರು ಟೀಚರಮ್ಮ, ಅವರದೇ ತಪ್ಪೇನೋ ಅನ್ನುವ ಹಾಗೆ.

ಹೀಗೆ ಶುರುವಾಯಿತು. ಸಾಹೇಬರು ಲಾರಿಯ ಹಲಗೆ ಕೆತ್ತಿ ಬ್ಯಾಟು ಮಾಡಿಕೊಟ್ಟರು. ಮರದ ಗುಂಡಿನ ಮೇಲೆ ಚಿಂದಿ ಸುತ್ತಿ, ಅದರ ಮೇಲೆ ಹಳೆಯ ಟ್ಯೂಬಿನ ಪಟ್ಟಿ ಬಿಗಿದು ಬಾಲು ಮಾಡಿದರು. ಸ್ಟಂಪಿಗೆ ಮೂರು ಕಬ್ಬಿನ ಜಲ್ಲೆ. ಆಟ ಮುಗಿದ ಮೇಲೆ ಸ್ಟಂಪು ತಿನ್ನುವುದು ವಾಡಿಕೆ. ಹನ್ನೊಂದು ಹುಡುಗಿಯರನ್ನು ಎಲ್ಲಿಂದ ತರುವುದು, ಆರೇ ಜನ ನಾವು. ಲಂಗದ ಅಂಚು ಸೊಂಟಕ್ಕೆ ಸಿಕ್ಕಿಸಿಕೊಂಡು ಶನಿವಾರ ಶಾಲೆಯ ಹಿಂದಿನ ಬಯಲಿಗಿಳಿಯುತ್ತಿದ್ದೆವು. ನನಗೆ ಆಟ ಅಷ್ಟಕ್ಕಷ್ಟೆ. ಅಕ್ಷರ ದುಂಡಗೆ ಅಂತ ಸ್ಕೋರು ಪುಸ್ತಕ ನನ್ನ ಪಾಲಿಗೆ ಬಂತು.

ಆ ವರ್ಷ ಟೀಚರಮ್ಮನಿಗೆ ಮಳವಳ್ಳಿಗೆ ವರ್ಗವಾಯಿತು. ನಾವು ಅತ್ತೆವು, ಅವರೂ ಅತ್ತರು. ಹೋಗಿ ತಿಂಗಳಾಗುವುದರೊಳಗೆ ಅವರ ಕಾಗದ ಬಂತು. ಅಲ್ಲೂ ಆರು ಹುಡುಗಿಯರನ್ನು ಕೂಡಿಸಿದ್ದರು. ಆದರೆ ಮಂಡ್ಯದ ಹೆಣ್ಣುಮಕ್ಕಳನ್ನು ಆಟಕ್ಕೆಂದು ಮಳವಳ್ಳಿಗೆ ಯಾರು ಕಳಿಸುತ್ತಾರೆ? ಅದಕ್ಕೆ ಟೀಚರಮ್ಮ ಒಂದು ಉಪಾಯ ಹೂಡಿದ್ದರು. ಅವರು ಅಲ್ಲಿ ಆಡಿ ಸ್ಕೋರು ಬರೆದು ಬಸ್ಸಿನಲ್ಲಿ ಕಳಿಸುವುದು, ನಾವು ಇಲ್ಲಿ ಆಡಿ ನಮ್ಮದನ್ನು ಕಳಿಸುವುದು, ಯಾರ ರನ್ನು ಹೆಚ್ಚೋ ಅವರು ಗೆದ್ದ ಹಾಗೆ. ನಾವು ಆಸ್ಟ್ರೇಲಿಯಾ, ಅವರು ಇಂಗ್ಲೆಂಡು. ಎರಡು ಕಡೆಗೂ ಸಾಹೇಬರ ಕೈಯ ಬಾಲೇ ಆಗಬೇಕೆಂದು ಒಂದೇ ಟ್ಯೂಬು ಕತ್ತರಿಸಿ ಜೋಡಿ ಬಾಲು ಮಾಡಿಸಿ, ಒಂದನ್ನು ಮಳವಳ್ಳಿಗೆ ಕಳಿಸಿದೆವು. ಬಸ್ಸಿನ ಡ್ರೈವರು ನಮ್ಮ ಚೀಟಿಯನ್ನು ತಲೆಗೆ ಸುತ್ತಿದ ಟವಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದ.

ಈ ಏರ್ಪಾಡಿನಲ್ಲಿ ಒಂದು ತಮಾಷೆಯಿತ್ತು. ಎದುರು ತಂಡ ಇಲ್ಲದ ಮೇಲೆ ನಮಗೆ ಬಾಲು ಹಾಕಬೇಕಾದವರು ನಮ್ಮವರೇ. ನಮ್ಮಲ್ಲಿ ಬಾಲು ಹಾಕುವವಳು ಅಂದರೆ ನನ್ನ ಗೆಳತಿ. ಕಾರ್ಖಾನೆಯ ಗಂಡಸರು ಆಡುವುದನ್ನು ಬೇಲಿಯಾಚೆಯಿಂದ ನೋಡಿ ಕಲಿತಿದ್ದಳು. ಆರು ಹೆಜ್ಜೆ ಓಡಿ ಬಂದು ಕೈ ಬೀಸಿದಳೆಂದರೆ ಬಾಲು ಎಲ್ಲಿ ಬಿತ್ತು ಅಂತ ನೋಡುವಷ್ಟರಲ್ಲಿ ಹಿಂದೆ ಕಬ್ಬು ಉರುಳಿರುತ್ತಿತ್ತು. ಮಂಡ್ಯದ ರನ್ನು ಏರದಂತೆ ನೋಡಿಕೊಂಡವಳು ಮಂಡ್ಯದ ಹುಡುಗಿಯೇ. ಮೊದಲ ಎರಡು ಪಂದ್ಯ ಸೋತೆವು.

"ಒಸಿ ಮೆತ್ತುಗ್ ಆಕೇ, ನಮ್ಮೋರೇ ತಾನೆ" ಅಂತ ಹುಡುಗಿಯರು ಗೋಗರೆದರು.

"ಮೆತ್ತುಗ್ ಆಕುದ್ರೆ ಮಳವಳ್ಳಿಯೋರ್ಗೆ ಮೋಸ ಮಾಡ್ದಂಗಲ್ವಾ?" ಅಂದಳು. ಮುಂದಿನ ಬಾಲು ಇನ್ನೂ ಜೋರಾಗಿ ಬಂತು.

ಒಂದು ದಿನ ಶಾಲೆಯ ಜಗುಲಿಯ ಮೇಲೆ ಕೂತು ಕಬ್ಬು ತಿನ್ನುತ್ತಿದ್ದಾಗ ಇದ್ದಕ್ಕಿದ್ದಂತೆ ಹೇಳಿದಳು. "ಪರೀಕ್ಸೆ ಆದ್ಮ್ಯಾಕೆ ಸ್ಕೂಲು ಸಾಕು ಅಂದವ್ರೆ ನಮ್ ಅಬ್ಬ. ಚನ್ನಪಟ್ಣದ ಕಡೆ ಮದ್ವೆ ಮಾತಾಗದೆ."

 ಸಿಪ್ಪೆ ಉಗುಳಿ ಮುಂದುವರಿಸಿದಳು. "ಅದಿರ್ಲಿ, ಒಂದ್ ಹೇಳು. ನಾನ್ ಚೆಂದಾಗ್ ಆಕ್ತೀನೋ, ಇಲ್ಲ ನಿಮ್ಗೇ ಆಡಾಕ್ ಬರಾಕಿಲ್ವೋ? ಎಂಗ್ ಗೊತ್ತಾಯ್ತದೆ? ನಾನು ನಿಮ್ಗ್ ಬುಟ್ರೆ ಬ್ಯಾರೆ ಯಾರ್ಗೂ ಆಕೇ ಇಲ್ಲ. ಆ ಮಳವಳ್ಳಿ ಕ್ಯಾಪ್ಟನ್ನಿಗೆ ಒಂದೇ ಒಂದ್ಸಲ ಬಾಲ್ ಆಕ್ಬೇಕು ಕಣೇ. ಆಮ್ಯಾಕೆ ಚನ್ನಪಟ್ಣಕ್ಕಾರ ಓಯ್ತೀನಿ, ಎಲ್ಲಿಗಾರ ಓಯ್ತೀನಿ."

ಮಳವಳ್ಳಿ ಕ್ಯಾಪ್ಟನ್ ಅಂದರೆ ಅಲ್ಲಿಯ ಅರ್ಚಕರೊಬ್ಬರ ಮಗಳು. ಅವರ ಅರ್ಧಕ್ಕರ್ಧ ರನ್ನು ಪ್ರತಿ ಸಲವೂ ಅವಳ ಹೆಸರಿನ ಮುಂದೆಯೇ ಇರುತ್ತಿತ್ತು.

ನನ್ನ ಗೆಳತಿಯನ್ನು ಮಳವಳ್ಳಿಗೆ ಕರೆದುಕೊಂಡು ಹೋಗುವುದು ನನ್ನ ಕೈಲಾಗುವ ಕೆಲಸವಾಗಿರಲಿಲ್ಲ. ನನ್ನ ಕೈಲಿದ್ದದ್ದು ಪೆನ್ಸಿಲ್ಲು. ಮೂರನೆಯ ಪಂದ್ಯಕ್ಕೆ ಮಳವಳ್ಳಿಯಿಂದ ನಲವತ್ತೇಳು ಅಂತ ಚೀಟಿ ಬಂತು. ನಾವು ಆಡಿದೆವು. ಇವಳು ನಮ್ಮ ನಾಲ್ವರನ್ನು ತಾನೇ ಔಟು ಮಾಡಿದಳು. ಮೂವತ್ತೊಂಬತ್ತಕ್ಕೆ ನಿಂತೆವು. ಹುಡುಗಿಯರು ಕಬ್ಬು ಮುರಿಯುತ್ತಿದ್ದಾಗ ನಾನು ಮೂಲೆಯಲ್ಲಿ ಕೂತು ಚೀಟಿಯ ಮೇಲೆ ನಲವತ್ತೊಂಬತ್ತು ಅಂತ ಬರೆದೆ. ಕೂಡಿದರೆ ಸರಿಬರಲಿ ಅಂತ, ದಿನಾ ಯಲಿಯೂರಿನಿಂದ ರೈಲಿನಲ್ಲಿ ಬರುತ್ತಿದ್ದ ಪಾಪದ ಹುಡುಗಿಯ ಮೂರನ್ನು ಹದಿಮೂರು ಮಾಡಿದೆ. ಗೆಳತಿ ಹೋಗುವ ಮುಂಚೆ ಅವಳಿಗೊಂದು ಗೆಲುವು ಕಟ್ಟಿಕೊಡೋಣ ಅಂತ. ನಿಜ ಹೇಳಬೇಕೆಂದರೆ ಬರೆಯುವಾಗ ನನಗೆ ಭಯವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ದೊಡ್ಡ ಪುಣ್ಯದ ಕೆಲಸ ಮಾಡಿದವಳ ಹಾಗೆ ಎದ್ದು ಬಂದು, ಸ್ಕೋರು ಕೂಡುವಾಗ ತಪ್ಪಿದ್ದೆ, ನಾವೇ ಗೆದ್ದೆವು ಅಂದೆ. ಎಲ್ಲರೂ ಕುಣಿದರು. ಇವಳು ಕುಣಿಯಲಿಲ್ಲ. ಆದರೂ ನಕ್ಕಳು. ನನ್ನ ಪುಸ್ತಕವನ್ನು ಯಾರೂ ತೆರೆದು ನೋಡಲಿಲ್ಲ, ನೋಡುವ ಅಭ್ಯಾಸವೇ ಇರಲಿಲ್ಲ.

ಮುಂದಿನ ವಾರ ಟೀಚರಮ್ಮನ ಕಾಗದ ಬಂತು. ಕಾಗದ ಬಂದರೆ ನಾನು ಎಲ್ಲರಿಗೂ ಗಟ್ಟಿಯಾಗಿ ಓದುವುದು ರೂಢಿ. ಜಂಭದಲ್ಲಿ ಮೊದಲು ಒಳಗೊಳಗೆ ಓದಿಕೊಳ್ಳಲಿಲ್ಲ. ಗೆದ್ದದ್ದಕ್ಕೆ ಶಹಬ್ಬಾಸ್ ಅಂತ ಶುರುವಾಗಿತ್ತು. ಆಮೇಲೆ, "ಯಲಿಯೂರಿನ ಹುಡುಗಿ ಹದಿಮೂರು ಹೊಡೆದಳೆಂದು ಓದಿ ನನಗೆ ಬಹಳ ಸಂತೋಷವಾಯಿತು. ನಾನಿದ್ದಾಗ ಬ್ಯಾಟು ಹಿಡಿಯುವುದಕ್ಕೇ ಅಳುತ್ತಿದ್ದಳು" ಅಂತ ಇತ್ತು. ಅದನ್ನೂ ಓದಿಬಿಟ್ಟೆ.

"ನಾನಾ?" ಅಂದಳು ಯಲಿಯೂರಿನವಳು. "ನಾನ್ ಒಡುದಿದ್ದು ಮೂರೇ ಕಣೇ. ಅದ್ರಲ್ಲೂ ಎಲ್ಡು ಬೆನ್ಗೆ ತಗುಲಿ ಓಡಿದ್ದು."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗೆಳತಿ ಮೆಲ್ಲಗೆ ಕೇಳಿದಳು, "ನನ್ ಬಾಲ್ಗೆ ಇವ್ಳು ಅದಿಮೂರ್ ಒಡುದ್ಲು ಅಂತ ಬರ್ದಿದ್ದೀಯಾ?"

ಆ ಮಾತು ಕೇಳುವವರೆಗೂ ನನಗೆ ಹೊಳೆದಿರಲಿಲ್ಲ. ಗೆಲ್ಲಿಸುತ್ತೇನೆ ಅಂತ ಹೋಗಿ, ಬ್ಯಾಟು ಹಿಡಿಯಲು ಬಾರದವಳೂ ಇವಳ ಬಾಲನ್ನು ಬಾರಿಸಬಹುದು ಅಂತ ಮಳವಳ್ಳಿಗೆ ಸಾರಿಬಿಟ್ಟಿದ್ದೆ.

"ನಿನಗೋಸ್ಕರ ಕಣೆ. ಒಂದು ಸಲ ಗೆಲ್ಲಲಿ ಅಂತ."

"ಗೆದ್ದಿದ್ದು ನಾನಲ್ಲ, ನಿನ್ ಪೆನ್ಸಿಲ್ಲು. ನನ್ಗೆ ಇದ್ದಿದ್ದು ಬಾಲ್ ಒಂದೇ. ಅದ್ನೂ ಸುಳ್ ಮಾಡ್ಬುಟ್ಟಲ್ಲೇ. ಈಗ್ಲೇ ಬರಿ, ನಿಜ ಏನೋ ಅದ್ನ ಬರಿ."

ಅವಳ ಕಣ್ಣೆದುರೇ ಬರೆದೆ. ತಪ್ಪಾಯಿತು, ಮೂವತ್ತೊಂಬತ್ತು, ನಾವು ಸೋತೆವು, ಬರೆದವಳು ನಾನೊಬ್ಬಳೇ. ಯಾಕೆ ಬರೆದೆ ಅಂತಲೂ, ಅವಳಿಗೆ ಮದುವೆ ಗೊತ್ತಾಗಿದೆ ಅಂತಲೂ ಕೊನೆಗೆ ಸೇರಿಸಿದೆ. ಅವಳು ಆವತ್ತಿನಿಂದ ಬೇರೆ ಬೆಂಚಿಗೆ ಹೋಗಿ ಕೂತಳು. ಎಂಟು ದಿನ ಅವಳ ಜಡೆ ನೋಡಿಕೊಂಡು ಪಾಠ ಕೇಳಿದೆ. ಅಷ್ಟು ಉದ್ದದ ವಾರ ನನ್ನ ಜೀವಮಾನದಲ್ಲಿ ಕೆಲವೇ ಬಂದಿವೆ.

ಟೀಚರಮ್ಮನ ಉತ್ತರದಲ್ಲಿ ಬೈಗುಳ ಇರಲಿಲ್ಲ. "ಇನ್ನು ಕಾಗದದ ಮೇಲೆ ಬೇಡ. ಮುಂದಿನ ಶನಿವಾರ ನಾವು ಮದ್ದೂರಿಗೆ ಬರುತ್ತೇವೆ, ನೀವೂ ಬನ್ನಿ" ಅಂತ ಇತ್ತು. ಸಾಹೇಬರಿಗೆ ಬೇರೆಯಾಗಿ ಒಂದು ಚೀಟಿ ಬರೆದಿದ್ದರು. ಅದರಲ್ಲಿ ಏನಿತ್ತೋ ಗೊತ್ತಿಲ್ಲ. ಮದ್ದೂರಿನಲ್ಲಿ ತಮಗೂ ಒಂದು ಲಾರಿ ನೋಡುವುದಿದೆ ಅಂತ ಸಾಹೇಬರೇ ಹೊರಟರು. ಅವರು ಜೊತೆಗಿರುತ್ತಾರೆ ಅಂದ ಮೇಲೆ ನಮ್ಮಪ್ಪನೂ ಹೂಂ ಅಂದರು.

ಮಧ್ಯಾಹ್ನದ ರೈಲಿನಲ್ಲಿ ಆರು ಹುಡುಗಿಯರು ಮೂರು ಜಲ್ಲೆ ಕಬ್ಬು ಹಿಡಿದು ಮದ್ದೂರಿನಲ್ಲಿ ಇಳಿದೆವು. ವಾಪಸು ರೈಲು ನಾಲ್ಕು ಗಂಟೆಗೆ. ಸ್ಟೇಷನ್ನಿನ ಪಕ್ಕದ ಬಯಲಿನಲ್ಲಿ ಕಬ್ಬು ನೆಟ್ಟು ಕಾದೆವು. ಎರಡಾಯಿತು, ಮೂರಾಯಿತು, ಮಳವಳ್ಳಿ ಬಸ್ಸಿನ ಸುಳಿವಿಲ್ಲ. ಪೆಟ್ರೋಲು ಸಿಗದ ಕಾಲ, ಬಸ್ಸಿನ ಹಿಂದೆ ಇದ್ದಿಲು ಉರಿಯುವ ಪೀಪಾಯಿ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ನನ್ನ ಗೆಳತಿ ಬಾಲನ್ನು ಕೈಯಿಂದ ಕೈಗೆ ಹಾಕಿಕೊಳ್ಳುತ್ತ ರಸ್ತೆ ನೋಡುತ್ತಿದ್ದಳು. 

ಮೂರೂವರೆ ದಾಟಿದ ಮೇಲೆ ಬಸ್ಸು ಬಂತು. ಚಿಕ್ಕರಸಿನಕೆರೆ ಕಡೆ ಗ್ಯಾಸು ಕೈಕೊಟ್ಟು, ಹುಡುಗಿಯರೆಲ್ಲ ಇಳಿದು ತಳ್ಳಿದ್ದರಂತೆ. ಟೀಚರಮ್ಮನ ಮುಖಕ್ಕೆಲ್ಲ ಮಸಿ. ಗಡಿಯಾರ ನೋಡಿದರು. "ಪಂದ್ಯ ಆಗೋಲ್ಲ. ಒಂದೇ ಒಂದು ಓವರು ಆಗುತ್ತೆ" ಅಂದು ತಮ್ಮ ಕ್ಯಾಪ್ಟನ್ನಿನ ಕೈಗೆ ಬ್ಯಾಟು ಕೊಟ್ಟು, ನನ್ನ ಗೆಳತಿಗೆ ಬಾಲು ಹಾಕು ಅಂತ ಕಣ್ಣಿನಲ್ಲೇ ಹೇಳಿದರು. ಆಮೇಲೆ ಒಂದು ಕಾಗದ ತೆಗೆದು ನನ್ನ ಪಕ್ಕ ನೆಲದ ಮೇಲೆ ಕೂತರು. ಒಂದು ಆಟಕ್ಕೆ ಎರಡು ಕಡೆಯವರು ಒಟ್ಟಿಗೆ ಸ್ಕೋರು ಬರೆದದ್ದು ಅದೇ ಮೊದಲು.

ಮೊದಲನೆಯ ಬಾಲು ಆಚೆ ಬಿತ್ತು. ಎರಡನೆಯದು ಬ್ಯಾಟಿನ ಪಕ್ಕದಲ್ಲೇ ಹಾದುಹೋಯಿತು. ಮೂರನೆಯದಕ್ಕೆ ಕಬ್ಬು ಹಾರಿತು. ಆ ಹುಡುಗಿ ತಿರುಗಿ ನೋಡಿ, ತಾನೇ ಕಬ್ಬನ್ನು ಎತ್ತಿ ನೆಟ್ಟು, "ಇನ್ನೊಂದು ಹಾಕಿ" ಅಂದಳು. ಮತ್ತೆ ಹಾರಿತು. ಮತ್ತೆ ನೆಟ್ಟಳು. ಐದನೆಯದನ್ನು ಹೇಗೋ ತಡೆದಳು. ಆರನೆಯದು ನಡುವಿನ ಜಲ್ಲೆಯನ್ನು ಎರಡು ತುಂಡು ಮಾಡಿತು. ಸ್ಟೇಷನ್ನಿನ ಬೇಲಿಯ ಹತ್ತಿರ ಸಾಹೇಬರು ನಿಂತು ನೋಡುತ್ತಿದ್ದರು. ಲಾರಿಯ ಕಡೆಗೆ ಅವರು ಹೋಗಿರಲೇ ಇಲ್ಲ.

ಮಳವಳ್ಳಿಯ ಹುಡುಗಿ ಬ್ಯಾಟು ಕೆಳಗಿಟ್ಟು ನಮ್ಮ ಕಡೆ ಬಂದಳು. "ನಮ್ಮಲ್ಲಿ ಟೀಚರಮ್ಮನೇ ಮೆತ್ತಗೆ ಹಾಕ್ತಾರೆ. ಈ ಬಾಲಿಗೆ ನೀವು ಮೂವತ್ತೊಂಬತ್ತು ಹೇಗ್ರೇ ಹೊಡೆದ್ರಿ?" ಅಂತ ಕೇಳಿದಳು. ಯಲಿಯೂರಿನವಳು ತಾನು ಹೊಡೆದ ಮೂರನ್ನು ನೆನೆದು ಎದೆಯುಬ್ಬಿಸಿದಳು. ನನಗೆ ತಲೆಯೆತ್ತಲು ಆಗಲಿಲ್ಲ. ಸಾಲದು ಅಂತ ನಾನು ಹತ್ತು ಸೇರಿಸಿದ್ದು ಆ ಮೂವತ್ತೊಂಬತ್ತಕ್ಕೆ.

ರೈಲಿನ ಹೊಗೆ ಕಾಣಿಸಿತು. ನನ್ನ ಗೆಳತಿ ಬೆವರು ಒರೆಸಿಕೊಳ್ಳುತ್ತ ನಾವು ಕೂತಿದ್ದಲ್ಲಿಗೆ ಬಂದಳು. ನಾನು ಪುಸ್ತಕ ತೆರೆದು ಅವಳ ಕಡೆ ಚಾಚಿದೆ. ಅವಳು ನನ್ನನ್ನು ನೋಡಿ ನಕ್ಕಳು. ಆ ಎಂಟು ದಿನದ ಮುನಿಸು ಆ ನಗುವಿನಲ್ಲಿ ಇರಲಿಲ್ಲ. ರೈಲಿನಲ್ಲಿ ನನ್ನ ಪಕ್ಕದಲ್ಲೇ ಕೂತಳು, ಅವಳಪ್ಪ ಕೊಡಿಸಿದ ವಡೆಯಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು, ಮಂಡ್ಯ ಬರುವವರೆಗೂ ನನ್ನ ಭುಜಕ್ಕೆ ಒರಗಿದ್ದಳು. ಚನ್ನಪಟ್ಟಣಕ್ಕೆ ಹೋದ ಮೇಲೂ ಕಾಗದ ಬರೆದು ಹಾಕುತ್ತಿದ್ದಳು.

ಆದರೆ ಆವತ್ತು ಆ ಬಯಲಿನಲ್ಲಿ ಅವಳು ಬಗ್ಗಿದ್ದು ಟೀಚರಮ್ಮನ ಕಾಗದದ ಮೇಲೆ. ಬೆರಳಿಟ್ಟು ಒಂದೊಂದೇ ಬಾಲನ್ನು ಓದಿಕೊಂಡಳು. "ಇದ್ನ ನಂಗ್ ಕೊಡ್ತೀರಾ, ಟೀಚರಮ್ಮ?" ಅಂತ ಕೇಳಿ ಇಸಕೊಂಡು, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಪುಸ್ತಕದಲ್ಲೂ ಅದೇ ಆರು ಬಾಲು, ಅದೇ ಮೂರು ಔಟು ಇದ್ದವು. ಅದನ್ನು ಅವಳು ಕೇಳಲಿಲ್ಲ.